ಎಂಟು ಗ್ರಾಂ ಹಕ್ಕಿ, ಐದು ಸಾವಿರ ಕಿಲೋಮೀಟರ್

ಹತ್ತು ರೂಪಾಯಿ ನಾಣ್ಯವೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಅದರ ತೂಕ 7.7 ಗ್ರಾಂ. ಗ್ರೀನಿಷ್ ವಾರ್ಬ್ಲರ್ ಎಂಬ ಹಕ್ಕಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ, ಏಳರಿಂದ ಒಂಬತ್ತು ಗ್ರಾಂ. ಕೊಕ್ಕು, ಕಣ್ಣು, ಗುಂಡಿಗೆ, ಶ್ವಾಸಕೋಶ, ಮಿದುಳು, ಎರಡು ರೆಕ್ಕೆ, ಅವುಗಳನ್ನು ಬಡಿಯುವ ಸ್ನಾಯು, ದಾರಿಗೆ ಬೇಕಾದ ಕೊಬ್ಬು, ಎಲ್ಲವೂ ಆ ತೂಕದೊಳಗೇ ಆಗಬೇಕು. ಸೈಬೀರಿಯಾದ ಕಾಡಿನಲ್ಲಿ ಜೂನ್, ಜುಲೈನಲ್ಲಿ ಮರಿ ಮಾಡುವ ಈ ಜಾತಿ ಆಗಸ್ಟಿನಲ್ಲಿ ಅಲ್ಲಿಂದ ಹೊರಡುತ್ತದೆ. ಅಕ್ಟೋಬರ್ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗ್‌ನ ಮಾವಿನ ಮರದಲ್ಲಿ ಕೂತು ‘ಚಿಸ್-ವೀ’ ಎನ್ನುತ್ತಿರುತ್ತದೆ.

ದೂರದ ಲೆಕ್ಕ ಹಾಕುವುದು ಕಷ್ಟವಲ್ಲ. ಸೈಬೀರಿಯಾದ ನೊವೊಸಿಬಿರ್ಸ್ಕ್ ಊರು 55 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬೆಂಗಳೂರು 13ರಲ್ಲಿ. ರೇಖಾಂಶದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ನಡುವಿನ 42 ಡಿಗ್ರಿಗೆ, ಡಿಗ್ರಿಗೆ 111 ಕಿಲೋಮೀಟರಿನಂತೆ, ನೇರ ಗೆರೆ ಎಳೆದರೆ 4,660 ಕಿಲೋಮೀಟರ್. ಆದರೆ ಆ ಗೆರೆಗೆ ಅಡ್ಡಲಾಗಿ ಸರಾಸರಿ 4,500 ಮೀಟರ್ ಎತ್ತರದ ಟಿಬೆಟ್ ಪ್ರಸ್ಥಭೂಮಿ ಕೂತಿದೆ. ಮರವಿಲ್ಲದ, ಹುಳುವಿಲ್ಲದ ಆ ಶೀತಲ ಬಯಲನ್ನು ತಪ್ಪಿಸಿ ಮಧ್ಯ ಏಷ್ಯಾದ ಕಡೆಯಿಂದ ಬಳಸಿ ಬರುವ ಹಕ್ಕಿಗೆ ದಾರಿ ಐದು ಸಾವಿರ ದಾಟುತ್ತದೆ. ಹಕ್ಕಿಯ ಉದ್ದ ಹತ್ತು ಸೆಂಟಿಮೀಟರ್. ಅಂದರೆ ಅದು ತನ್ನ ಮೈಯುದ್ದದ ಐದು ಕೋಟಿ ಪಟ್ಟು ದೂರವನ್ನು ಒಂದೇ ಋತುವಿನಲ್ಲಿ ಕ್ರಮಿಸಿ ಬಂದಿರುತ್ತದೆ. ಐದೂವರೆ ಅಡಿ ಎತ್ತರದ ಮನುಷ್ಯ ಇದೇ ಲೆಕ್ಕದಲ್ಲಿ ಹೊರಟರೆ ಸುಮಾರು 84,000 ಕಿಲೋಮೀಟರ್ ಹೋಗಬೇಕು. ಭೂಮಿಯನ್ನು ಎರಡು ಸುತ್ತು ಹಾಕಿದ ಮೇಲೂ ದಾರಿ ಉಳಿದಿರುತ್ತದೆ.

ಈ ಅಂಕಿಗಳನ್ನು ಓದಿ ಬಲ್ಲೆ ಎನ್ನುವುದು ಬೇರೆ, ಅಂಥದೊಂದು ಹಕ್ಕಿಯನ್ನು ತಲೆಯ ಮೇಲಿನ ಕೊಂಬೆಯಲ್ಲಿ ಕಾಣುವುದು ಬೇರೆ. ಅಕ್ಟೋಬರಿನ ಒಂದು ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಅಂಥವು ಒಂದಲ್ಲ, ಮರಮರಕ್ಕೂ ಇದ್ದವು.

ಹಿಂದಿನ ರಾತ್ರಿ ಹತ್ತರ ಮೇಲೆ ಜೋರು ಮಳೆ ಬಂದಿತ್ತು, ಬೆಳಗಿನ ಜಾವಕ್ಕೆ ನಿಂತಿತ್ತು. ಹಕ್ಕಿ ನೋಡುವವರು ಕಾಯುವುದೇ ಇಂಥ ರಾತ್ರಿಗೆ. ಸಣ್ಣ ಹಕ್ಕಿಗಳು ಬಹುಪಾಲು ರಾತ್ರಿ ವಲಸೆ ಹೋಗುತ್ತವೆ. ರಾತ್ರಿಯ ಗಾಳಿ ತಂಪಾಗಿ, ಅಲ್ಲಾಡದೆ ಇರುತ್ತದೆ, ರೆಕ್ಕೆ ಬಡಿದು ಕಾದ ಮೈಯಿಂದ ನೀರು ಆರಿಹೋಗುವುದು ಕಡಿಮೆ, ಗಿಡುಗಗಳ ಕಾಟವಿಲ್ಲ, ಹಗಲು ಹೊಟ್ಟೆಪಾಡಿಗೆ ಉಳಿಯುತ್ತದೆ. ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿದು ಗಾಳಿ ಈಶಾನ್ಯದಿಂದ ಬೀಸತೊಡಗಿದಾಗ ದಕ್ಷಿಣಕ್ಕೆ ಹೊರಟ ಹಕ್ಕಿಗೆ ಅದು ಬೆನ್ನಗಾಳಿ. ಆ ಗಾಳಿಯನ್ನು ನಂಬಿ ಕತ್ತಲಲ್ಲಿ ಎದ್ದು ಬಂದ ಹಕ್ಕಿಗಳ ಮೇಲೆ ನಡುದಾರಿಯಲ್ಲಿ ಮಳೆ ಸುರಿದರೆ ಅವು ಸಿಕ್ಕಿದ ಕಡೆ ಇಳಿಯಲೇಬೇಕು. ಕೆಳಗಿರುವುದು ಏಳುನೂರು ಚದರ ಕಿಲೋಮೀಟರಿಗೂ ಮೀರಿ ಹರಡಿದ ಊರು. ಆ ದೀಪಗಳ ನಡುವೆ ಕಪ್ಪಗೆ ಕಾಣುವ ತುಣುಕುಗಳು ಕೆಲವೇ: ಕಬ್ಬನ್ ಪಾರ್ಕು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಟಾಟಾ ಇನ್‌ಸ್ಟಿಟ್ಯೂಟು, ಕೆರೆಗಳ ಅಂಚು, ಮತ್ತೆ 240 ಎಕರೆಯ ಲಾಲ್‌ಬಾಗ್. ಒಂದು ಚದರ ಕಿಲೋಮೀಟರಿಗೂ ಚೂರು ಕಡಿಮೆಯಾದ ಆ ಜಾಗದ ಮೇಲೆ ಒಂದು ರಾತ್ರಿಯ ಹಾರಾಟದ ಒಂದು ಪಾಲು ಬಂದು ಇಳಿದಿರುತ್ತದೆ. ಅದೃಷ್ಟ ಎಂದು ನಾವು ಕರೆಯುವುದರ ಹಿಂದೆ ಗಾಳಿ, ಮಳೆ ಮತ್ತು ಮರಗಳ ಈ ಲೆಕ್ಕವಿದೆ. ಹಾಗೆಂದು ಅದು ಸಿಕ್ಕಾಗ ಆಗುವ ಸಂತೋಷ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಬಾಗಿಲು ದಾಟುವ ಹೊತ್ತಿಗೇ ಗೊತ್ತಾಯಿತು. ದಿನದ ಹಕ್ಕಿಗಳೆಲ್ಲ ಇದ್ದೇ ಇದ್ದವು: ಗಿಳಿ, ಮೈನಾ, ಕುಟ್ರ, ಹದ್ದು, ಕೆರೆಯಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿ. ಅವುಗಳ ಮೇಲೆ ಇನ್ನೊಂದು ಪದರ ಬಂದು ಕೂತಂತಿತ್ತು. ಆಲದ ಮರದಲ್ಲಿ ಹೊನ್ನಕ್ಕಿಗಳು. ಪೊದೆಯೊಳಗಿನಿಂದ ‘ಚೆಕ್, ಚೆಕ್’ ಎಂದು ನಾಲಗೆ ಲೊಟ್ಟೆ ಹೊಡೆಯುವ ದನಿ, ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಫಿನ್ಲೆಂಡಿನವರೆಗೂ ಮರಿ ಮಾಡುವ ಜಾತಿ, ಹೆಲ್ಸಿಂಕಿಯಿಂದ ಲೆಕ್ಕ ಹಾಕಿದರೆ ಲಾಲ್‌ಬಾಗ್ 6,700 ಕಿಲೋಮೀಟರ್. ಕೆಳಕೊಂಬೆಯಲ್ಲಿ ದುಂಡುಕಣ್ಣಿನ ಏಷ್ಯನ್ ಬ್ರೌನ್ ಫ್ಲೈಕ್ಯಾಚರ್. ಬಿದಿರುಮೆಳೆಯ ನೆರಳಲ್ಲಿ ಉದ್ದ ಬಾಲದ ರಾಜಹಕ್ಕಿ. ಕೆರೆಯ ಮೇಲೆ ಕವಲುಬಾಲದ ಬಾರ್ನ್ ಸ್ವಾಲೋಗಳು. ನಮ್ಮ ಪಟ್ಟಿ ಐವತ್ತರ ಸಮೀಪ ಹೋಯಿತು. ಜೋಸೆಫ್ ಜಾರ್ಜ್ ಅವರು 1970ರ ದಶಕದಲ್ಲಿ ಕಟ್ಟಿದ ಹಕ್ಕಿ ವೀಕ್ಷಕರ ಕೂಟ ತಿಂಗಳ ಎರಡನೇ ಭಾನುವಾರ ಇದೇ ತೋಟದಲ್ಲಿ ಸೇರುವ ರೂಢಿ ಹಾಕಿತು. ಅಂದಿನಿಂದ ಇಲ್ಲಿ ನಡೆದಾಡಿದ ಹಿರಿಯರಿಗೆ ಐವತ್ತು ದೊಡ್ಡ ಸಂಖ್ಯೆಯಲ್ಲ. ನನಗೂ ಅವತ್ತು ಪಟ್ಟಿಯ ಉದ್ದದ ಕಡೆ ಮನಸ್ಸಿರಲಿಲ್ಲ. ಪಟ್ಟಿಯ ಒಂದೊಂದು ಹೆಸರಿನ ಹಿಂದೆ ನಿಂತಿದ್ದ ಸಂಖ್ಯೆಗಳು ಒಟ್ಟಿಗೇ ಮೈಮೇಲೆ ಬಂದಂತಾಗಿತ್ತು.

ಮಾವಿನ ಮರದ ಉಲಿಯಕ್ಕಿಯ, ಅಂದರೆ ಆ ಗ್ರೀನಿಷ್ ವಾರ್ಬ್ಲರ್‌ನ, ಹತ್ತಿರ ಬಹಳ ಹೊತ್ತು ನಿಂತೆ. ಮೇಲೆ ಹಸಿರುಬೂದು, ಕೆಳಗೆ ಮಾಸಲು ಬಿಳಿ, ಹುಬ್ಬಿನ ಮೇಲೊಂದು ತೆಳು ಹಳದಿ ಗೆರೆ, ರೆಕ್ಕೆಗೆ ಅಡ್ಡಲಾಗಿ ಸಣ್ಣದೊಂದು ಪಟ್ಟಿ. ಮರದ ಎಲೆಯ ಬಣ್ಣವೇ ಅದಕ್ಕೆ. ಒಂದು ಕಡೆ ನಿಲ್ಲುವುದೆಂಬುದೇ ಇಲ್ಲ. ಎಲೆಯ ಅಡಿ ನೋಡಿತು, ಕುಕ್ಕಿತು, ಹಾರಿತು, ಗಾಳಿಯಲ್ಲೇ ಒಂದು ಗಳಿಗೆ ನಿಂತು ಇನ್ನೊಂದು ಎಲೆಯ ತುದಿಯಿಂದ ಏನನ್ನೋ ಕಿತ್ತಿತು. ಗಡಿಯಾರ ನೋಡಿಕೊಂಡು ಎಣಿಸಿದೆ: ಒಂದು ನಿಮಿಷಕ್ಕೆ ಹದಿನಾಲ್ಕು ಸಲ ಕುಕ್ಕಿತು. ಅದರಲ್ಲಿ ಅರ್ಧ ಗುರಿ ತಪ್ಪಿತು ಎಂದೇ ಇಟ್ಟುಕೊಳ್ಳೋಣ. ನಿಮಿಷಕ್ಕೆ ಏಳು ಹುಳು, ಗಂಟೆಗೆ 420. ಅಕ್ಟೋಬರಿನ ಹಗಲಿನಲ್ಲಿ ಹತ್ತು ಗಂಟೆ ಇದೇ ಕೆಲಸ ಮಾಡಿದರೆ 4,200. ಏಪ್ರಿಲ್ ಕೊನೆಯವರೆಗೆ ಏಳು ತಿಂಗಳು ಇದೇ ಮರ, ಅಕ್ಕಪಕ್ಕದ ಮರಗಳಲ್ಲಿ ಇದ್ದರೆ ಎಂಟೂ ಮುಕ್ಕಾಲು ಲಕ್ಷ. ಇದು ಮರದ ಕೆಳಗೆ ನಿಂತು ಹಾಕಿದ ಒರಟು ಲೆಕ್ಕ, ಅರ್ಧಕ್ಕರ್ಧ ಇಳಿಸಿ ನೋಡಿದರೂ ನಾಲ್ಕು ಲಕ್ಷ ಮೀರುತ್ತದೆ. ಎಂಟು ಗ್ರಾಂ ಹಕ್ಕಿಯೊಂದು ಮಾವಿನ ಚಿಗುರಿನ ಮೇಲಿಂದ ತೆಗೆಯುವ ಹುಳುಗಳ ಸಂಖ್ಯೆ ಅದು.

ತಿನ್ನುವುದಕ್ಕೆ ಇಷ್ಟು ಅವಸರ ಯಾಕೆ ಎಂಬುದಕ್ಕೂ ಉತ್ತರ ಒಂದು ಸಂಖ್ಯೆಯಲ್ಲಿದೆ. ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕಿಲೋಕ್ಯಾಲರಿ ಶಕ್ತಿ ಇದೆ. ಅಷ್ಟೇ ತೂಕದ ಸಕ್ಕರೆಯಲ್ಲಿ ನಾಲ್ಕು. ಹಾರುವವರಿಗೆ ಒಂದೊಂದು ಮಿಲಿಗ್ರಾಂ ಕೂಡ ಹೊರೆ, ಹಾಗಾಗಿ ವಲಸೆ ಹಕ್ಕಿ ಕೊಬ್ಬನ್ನೇ ಕೂಡಿಡುತ್ತದೆ. ದೂರ ಹಾರುವ ಹಕ್ಕಿಗಳಲ್ಲಿ ಕೆಲವು ಹೊರಡುವ ಮುನ್ನ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ, ಜಠರ, ಕರುಳನ್ನು ಕುಗ್ಗಿಸಿಕೊಂಡು ಹೊರೆ ಇಳಿಸುತ್ತವೆ, ಇಳಿದ ಮೇಲೆ ಮತ್ತೆ ಬೆಳೆಸಿಕೊಳ್ಳುತ್ತವೆ. ನಮ್ಮ ಉಲಿಯಕ್ಕಿಯಂಥ ಪುಟ್ಟ ಹಕ್ಕಿ ಗಂಟೆಗೆ ಸುಮಾರು ನಲವತ್ತು ಕಿಲೋಮೀಟರ್ ಹೋದೀತು. ಐದು ಸಾವಿರ ಕಿಲೋಮೀಟರಿಗೆ 125 ಗಂಟೆ. ರಾತ್ರಿಗೆ ಎಂಟು ಗಂಟೆಯಂತೆ ಹಾರಿದರೆ ಹದಿನಾರು ರಾತ್ರಿ ಸಾಕು. ಆದರೂ ಎರಡು ತಿಂಗಳು ಹಿಡಿಯುತ್ತದೆ. ಉಳಿದ ದಿನಗಳೆಲ್ಲ ಹೀಗೆ ಎಲೆ ಎಲೆ ತಡಕುತ್ತ ಕೊಬ್ಬು ಸೇರಿಸುವುದಕ್ಕೆ ಹೋಗುತ್ತವೆ. ಹಾರಾಟಕ್ಕಿಂತ ಊಟಕ್ಕೇ ಹೆಚ್ಚು ಸಮಯ ಬೇಕು. ದಾರಿಯಲ್ಲಿ ಎಲ್ಲಿ ಮರ ಕಡಿದರೂ ಈ ಪಯಣದ ಒಂದು ದಿನ ಕೆಡುತ್ತದೆ.

ಅಂದ ಹಾಗೆ, ಆ ಮರದಲ್ಲಿ ಇದ್ದುದು ಈ ವರ್ಷದ ಮರಿಯೇ ಆಗಿದ್ದರೆ, ನೂರು ದಿನಗಳ ಹಿಂದೆ ಅದು ಮೊಟ್ಟೆಯೊಳಗಿತ್ತು.

ಮರದಿಂದ ಬಂಡೆಯ ಕಡೆಗೆ ನಡೆದೆ. ಕೆಂಪೇಗೌಡರ ಗೋಪುರ ನಿಂತಿರುವ ಲಾಲ್‌ಬಾಗ್ ಬಂಡೆಯ ಮೇಲೆ ರಾತ್ರಿಯ ಮಳೆ ಅಲ್ಲಲ್ಲಿ ಗುಂಡಿಗಳಲ್ಲಿ ನಿಂತಿತ್ತು. ಒಂದು ಗುಂಡಿಯ ಅಂಚಿನಲ್ಲಿ ಕುಂಡೆಕುಸ್ಕ, ಹಳದಿ ಹೊಟ್ಟೆಯ ಗ್ರೇ ವ್ಯಾಗ್‌ಟೇಲ್, ಬಾಲ ಮೇಲೆ ಕೆಳಗೆ ಆಡಿಸುತ್ತ ಓಡಾಡುತ್ತಿತ್ತು. ತೂಕ ಹದಿನೇಳು, ಹದಿನೆಂಟು ಗ್ರಾಂ. ಬೇಸಿಗೆಯಲ್ಲಿ ಹಿಮಾಲಯದ ತೊರೆಗಳ ಬದಿ ಇರುವ ಹಕ್ಕಿ, ಸೆಪ್ಟೆಂಬರಿನಲ್ಲೇ ದಕ್ಷಿಣಕ್ಕೆ ಬರುವ ಮೊದಲಿಗರಲ್ಲಿ ಒಂದು. ಅದರ ಕಾಲ ಕೆಳಗಿರುವ ಕಲ್ಲು ಪೆನಿನ್ಸುಲರ್ ನೈಸ್. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿ ಫಲಕ ಹಾಕಿದೆ. ದಿನವೂ ಬೆಳಿಗ್ಗೆ ನೂರಾರು ಜನ ಅದರ ಮೇಲೆ ನಿಂತು ಸೂರ್ಯನಮಸ್ಕಾರ ಮಾಡುತ್ತಾರೆ.

ಆ ಮುನ್ನೂರು ಕೋಟಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಕ್ಕಿಗಳ ಮೂಲಕ್ಕೆ ಹತ್ತಿರದ ಆರ್ಕಿಯಾಪ್ಟೆರಿಕ್ಸ್ ಬದುಕಿದ್ದು 15 ಕೋಟಿ ವರ್ಷಗಳ ಹಿಂದೆ. ಅಂದರೆ ಈ ಕಲ್ಲು ತನ್ನ ಆಯಸ್ಸಿನ ನೂರರಲ್ಲಿ ತೊಂಬತ್ತೈದು ಪಾಲನ್ನು ರೆಕ್ಕೆ, ಪುಕ್ಕದ ಸುಳಿವೇ ಇಲ್ಲದ ಲೋಕದಲ್ಲಿ ಕಳೆದಿದೆ. ಇದನ್ನು ಹೊತ್ತ ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆದದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಹಿಮಾಲಯ ಎದ್ದದ್ದು, ಟಿಬೆಟ್ ಮೇಲೇರಿದ್ದು ಆಮೇಲೆ. ಕುಂಡೆಕುಸ್ಕ ಮರಿ ಮಾಡುವ ಬೆಟ್ಟಗಳು ಅದು ಚಳಿಗಾಲ ಕಳೆಯುವ ಬಂಡೆಗಿಂತ ಅರವತ್ತು ಪಟ್ಟು ಎಳೆಯವು.

ಟಿಬೆಟ್ ಮೇಲೆದ್ದದ್ದು ಉಲಿಯಕ್ಕಿಯ ಚರಿತ್ರೆಯನ್ನೂ ಬರೆಯಿತು. ಈ ಹಕ್ಕಿಯ ಬಳಗ ಹಿಮಾಲಯದಿಂದ ಎರಡು ಕವಲಾಗಿ, ಒಂದು ಟಿಬೆಟ್‌ನ ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಹರಡುತ್ತ ಹೋಗಿ ಕೊನೆಗೆ ಸೈಬೀರಿಯಾದಲ್ಲಿ ಮತ್ತೆ ಎದುರುಬದುರಾಯಿತು. ದಾರಿಯುದ್ದಕ್ಕೂ ಹಾಡು ಚೂರು ಚೂರೇ ಬದಲಾಗಿ, ಉತ್ತರಕ್ಕೆ ಹೋದಷ್ಟೂ ಉದ್ದವಾಗಿ, ಜಟಿಲವಾಗಿ ಬೆಳೆದಿತ್ತು. ಎರಡು ಕವಲಿನಲ್ಲೂ ಬೇರೆ ಬೇರೆ ಬಗೆಯಲ್ಲಿ. ಸೈಬೀರಿಯಾದಲ್ಲಿ ಎದುರಾದಾಗ ಒಂದರ ಹಾಡನ್ನು ಇನ್ನೊಂದು ತನ್ನದೆಂದು ಗುರುತಿಸಲಿಲ್ಲ, ಅವು ಸಾಮಾನ್ಯವಾಗಿ ಕೂಡುವುದೂ ಇಲ್ಲ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಒಂದು ಜೀವಿ ಎರಡಾಗುವುದು ಹೇಗೆಂದು ಕೇಳುವ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಇಂದು ಹೇಳಿಕೊಡುವ ಉದಾಹರಣೆ ಇದು. ಆ ಉದಾಹರಣೆ ಲಾಲ್‌ಬಾಗ್‌ನ ಮಾವಿನ ಮರದಲ್ಲಿ ಹುಳು ಹಿಡಿಯುತ್ತಿದೆ.

ಅವತ್ತಿನ ಭಾಗ್ಯ ಇನ್ನೂ ಬಾಕಿ ಇತ್ತು. ಬಿದಿರುಮೆಳೆಯ ಆಚೆ, ಹಾದಿ ಬಿಟ್ಟು ಒಳಗೆ, ಒಣಎಲೆ ದಪ್ಪಗೆ ಬಿದ್ದ ನೆರಳಿನಲ್ಲಿ ಏನೋ ಸರಸರ ಎಂದಿತು. ಅಳಿಲು ಇರಬೇಕು ಎಂದುಕೊಳ್ಳುವಷ್ಟರಲ್ಲಿ ಎಲೆಯೊಂದು ಮೇಲಕ್ಕೆ ಚಿಮ್ಮಿ ಬಿತ್ತು. ಅದರ ಹಿಂದೆ ನವರಂಗ, ಇಂಡಿಯನ್ ಪಿಟ್ಟಾ. ಬೆನ್ನು ಹಸಿರು, ಎದೆ ಜೇನುಬಣ್ಣ, ಕಣ್ಣಿನ ಮೇಲೆ ಅಗಲವಾದ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಹುಬ್ಬು, ಭುಜದ ಮೇಲೆ ಹೊಳೆಯುವ ನೀಲಿ, ಬಾಲದ ಬುಡದಲ್ಲಿ ಕುಂಕುಮದಂಥ ಕೆಂಪು. ಬಾಲ ಇದೆಯೋ ಇಲ್ಲವೋ ಎಂಬಷ್ಟು ಮೊಂಡು, ಅದನ್ನೇ ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತಿತ್ತು. ಕೊಕ್ಕಿನಿಂದ ಒಂದೆಲೆ ಎತ್ತಿ ಪಕ್ಕಕ್ಕೆ ಎಸೆಯುತ್ತದೆ, ತಲೆ ಓರೆ ಮಾಡಿ ನೋಡುತ್ತದೆ, ಎರಡು ಹೆಜ್ಜೆ ಕುಪ್ಪಳಿಸುತ್ತದೆ. ಮೂರನೆಯ ಎಲೆಯ ಕೆಳಗೆ ಎರೆಹುಳು ಸಿಕ್ಕಿತು. ಅದನ್ನು ಹಿಡಿದು ಎಳೆಯುವಾಗ ಹಕ್ಕಿ ಹಿಂದಕ್ಕೆ ಬಾಗಿ ಕಾಲೂರಿತು. ಹುಳು ಕಿತ್ತು ಬಂದದ್ದೇ ಎರಡು ಸಲ ನೆಲಕ್ಕೆ ಬಡಿದು ನುಂಗಿತು.

ಪಿಟ್ಟಾ ಮರಿ ಮಾಡುವುದು ಹಿಮಾಲಯದ ತಪ್ಪಲಿನಲ್ಲಿ, ಮಧ್ಯಭಾರತದ ಕಾಡುಗಳಲ್ಲಿ, ಮಳೆಗಾಲದ ಆರಂಭಕ್ಕೆ. ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾ. ಡೆಹ್ರಾಡೂನಿನ ಕಾಡಿನಿಂದ ಇಲ್ಲಿಗೆ ಹತ್ತಿರ ಹತ್ತಿರ 2,000 ಕಿಲೋಮೀಟರ್. ತೂಕ ಐವತ್ತು, ಅರವತ್ತು ಗ್ರಾಂ, ರೆಕ್ಕೆ ಗಿಡ್ಡ, ಹಗಲೆಲ್ಲ ನೆಲದ ಮೇಲೇ ಓಡಾಟ. ಈ ಮೈಕಟ್ಟಿನಲ್ಲಿ ಅದು ರಾತ್ರಿಗಳಲ್ಲಿ ಹಾರಿ ಅಷ್ಟು ದೂರ ಬರುತ್ತದೆ ಎಂದರೆ ನೋಡಿಯೂ ನಂಬುವುದಕ್ಕೆ ಕಷ್ಟ. ಅಕ್ಟೋಬರಿನಲ್ಲಿ ಬೆಂಗಳೂರಿನ ಮನೆಗಳ ಬಾಲ್ಕನಿಯಲ್ಲಿ, ಕಚೇರಿಯ ಗಾಜಿನ ಗೋಡೆಯ ಬುಡದಲ್ಲಿ ಸುಸ್ತಾದ ಪಿಟ್ಟಾ ಸಿಗುವುದು ಈ ಹಾರಾಟದ ನಡುವೆಯೇ.

ಹಾದಿಯ ಆ ಕಡೆಯಿಂದ ಕಸಪೊರಕೆಯ ಸದ್ದು ಹತ್ತಿರ ಬಂತು. ತೋಟದ ಕೆಲಸದ ಹೆಂಗಸು, ವಯಸ್ಸಾದವರು, ಎಲೆ ಗುಡಿಸುತ್ತ ಬರುತ್ತಿದ್ದರು. ಕೈ ಮಾಡಿ ನಿಲ್ಲಿಸಿದೆ.

“ಅಮ್ಮಾ, ಒಂದೈದು ನಿಮಿಷ ಈ ಕಡೆ ಗುಡಿಸಬೇಡಿ. ಅಲ್ಲೊಂದು ಹಕ್ಕಿ ಇದೆ.”

ಅವರು ಬಗ್ಗಿ ನೋಡಿದರು. “ಅದಾ? ದಸರಾ ಮುಗಿಯೋ ಹೊತ್ತಿಗೆ ಬರ್ತದೆ ಕಣಮ್ಮ. ಹೋದ್ಸಲಾನೂ ಇದೇ ಮೆಳೆ ಕೆಳಗೇ ಇತ್ತು. ಎಲೆ ಎಲ್ಲಾ ಕೆದರಿ ಹಾಕ್ತಿತ್ತು.”

“ಅದೇ ಹಕ್ಕಿನೇ ಇರಬಹುದು.”

“ಅದೇ ಇರ್ಬೇಕು. ಅದಕ್ಕೂ ಜಾಗ ಗೊತ್ತಿರಲ್ವಾ?” ಎಂದು ಪೊರಕೆಯನ್ನು ಹೆಗಲಿಗಾನಿಸಿ ಇನ್ನೊಂದು ದಾರಿ ಹಿಡಿದರು.

ಅವರ ಮಾತಿಗೆ ಬಲವಾದ ಆಧಾರವಿದೆ. ಹಲವು ವಲಸೆ ಹಕ್ಕಿಗಳು ಹುಟ್ಟಿದ ಕಡೆಗೆ ಮಾತ್ರವಲ್ಲ, ಚಳಿಗಾಲದ ಬಿಡಾರಕ್ಕೂ ವರ್ಷವರ್ಷ ಮರಳುತ್ತವೆ. ಗ್ರೀನಿಷ್ ವಾರ್ಬ್ಲರ್‌ನ ವಿಷಯದಲ್ಲಿ ದಕ್ಷಿಣ ಭಾರತದಲ್ಲೇ ಅಧ್ಯಯನ ನಡೆದಿದೆ. ತಮಿಳುನಾಡಿನ ಕಳಕ್ಕಾಡು ಮುಂಡಂತುರೈ ಕಾಡಿನಲ್ಲಿ ಮಧುಸೂದನ ಕಟ್ಟಿ ಮತ್ತು ಟ್ರೆವರ್ ಪ್ರೈಸ್ ಈ ಹಕ್ಕಿಗಳ ಚಳಿಗಾಲದ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಒಂದೊಂದು ಹಕ್ಕಿ ತನಗೆಂದು ಕೆಲವು ಮರಗಳ ಜಾಗ ಹಿಡಿದು, ಬೇರೆಯವು ಬಂದರೆ ಕೂಗಿ ಓಡಿಸುತ್ತದೆ. ‘ಚಿಸ್-ವೀ’ ಎಂಬ ಆ ದನಿ ಬೇಲಿ ಇದ್ದ ಹಾಗೆ. ಹತ್ತು ಸಾವಿರ ಕಿಲೋಮೀಟರ್ ಹೋಗಿಬಂದ ಹಕ್ಕಿ ಮತ್ತೆ ಅದೇ ಕೆಲವು ಮರಗಳನ್ನು ಹುಡುಕಿ ಕೂರುತ್ತದೆ. ಏಷ್ಯಾ ಖಂಡದಲ್ಲಿ ಎಷ್ಟು ಮರಗಳಿವೆ ಎಂದು ಯೋಚಿಸಿದರೆ ಇದರ ಅಳತೆ ಸಿಗುತ್ತದೆ.

ದಾರಿ ತೋರಿಸುವವರು ಯಾರು? ಸಣ್ಣ ಹಾಡುಹಕ್ಕಿಗಳಲ್ಲಿ ಮರಿಗಳು ಸಾಮಾನ್ಯವಾಗಿ ತಂದೆತಾಯಿಯ ಜೊತೆ ಹೋಗುವುದಿಲ್ಲ. ಮೊದಲ ಪಯಣವನ್ನೇ ಕತ್ತಲಲ್ಲಿ, ಹೇಳಿಕೊಡುವವರಿಲ್ಲದೆ ಮಾಡುತ್ತವೆ. ನಕ್ಷತ್ರಗಳ ಸುತ್ತಾಟ, ಸೂರ್ಯ ಮುಳುಗುವ ದಿಕ್ಕು, ಭೂಮಿಯ ಕಾಂತಕ್ಷೇತ್ರ ಅವುಗಳ ಕೈಮರ. ಯಾವ ದಿಕ್ಕಿಗೆ, ಎಷ್ಟು ದಿನ ಎಂಬುದು ಹುಟ್ಟಿನಿಂದಲೇ ಬಂದಿರುತ್ತದೆ. ಇದನ್ನು ತೋರಿಸಿದ ಪ್ರಯೋಗದ ಗಾತ್ರವೇ ಬೆರಗು ಹುಟ್ಟಿಸುತ್ತದೆ. ಡಚ್ ವಿಜ್ಞಾನಿ ಪರ್ಡೆಕ್ 1948ರಿಂದ 1957ರವರೆಗೆ, ನೆದರ್ಲೆಂಡ್ಸ್ ಮೂಲಕ ಪಶ್ಚಿಮಕ್ಕೆ ಹೊರಟಿದ್ದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ಒಮ್ಮೆ ದಾರಿ ಕಂಡಿದ್ದ ದೊಡ್ಡ ಹಕ್ಕಿಗಳು ಎಲ್ಲಿದ್ದೇವೆಂದು ತಿಳಿದುಕೊಂಡು ವಾಯವ್ಯಕ್ಕೆ ತಿರುಗಿ, ತಮ್ಮ ಎಂದಿನ ಬಿಡಾರಗಳ ಕಡೆಗೆ, ಉತ್ತರ ಫ್ರಾನ್ಸ್, ಇಂಗ್ಲೆಂಡಿನತ್ತ ಹೋದವು. ಅದೇ ವರ್ಷ ಹುಟ್ಟಿದವು ಮಾತ್ರ ಒಳಗೆ ಬರೆದಿದ್ದ ದಿಕ್ಕನ್ನೇ ನಂಬಿ ನೈಋತ್ಯಕ್ಕೆ ಹಾರಿ ಸ್ಪೇನ್, ದಕ್ಷಿಣ ಫ್ರಾನ್ಸ್ ಸೇರಿದವು. ಮರಿಗೆ ದಿಕ್ಕು ಗೊತ್ತು, ಊರು ಗೊತ್ತಿಲ್ಲ. ಊರು ಗೊತ್ತಾಗುವುದು ಒಮ್ಮೆ ಹೋಗಿಬಂದ ಮೇಲೆ.

ಬಿಸಿಲು ಏರಿದಾಗ ಕೆರೆಯ ಏರಿಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ಎದ್ದವು. ಕಂದುಹಳದಿ ಮೈಯವು, ಎಲ್ಲೂ ಕೂರದೆ ತೇಲುತ್ತಿದ್ದವು: ಪ್ಯಾಂಟಾಲಾ ಫ್ಲೇವೆಸೆನ್ಸ್. ಹಕ್ಕಿಗಳ ನಡುವೆ ಇದನ್ನು ಯಾಕೆ ತರುತ್ತೇನೆಂದರೆ ಇದರ ಲೆಕ್ಕ ಹಕ್ಕಿಗಳನ್ನೂ ಮೀರಿಸುತ್ತದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಮೇಲ್ಮೈ ಸಿಹಿನೀರೇ ಇಲ್ಲವೆನ್ನಬಹುದಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ದಂಡುದಂಡಾಗಿ ಬರುವುದನ್ನು ಗಮನಿಸಿದರು. 2009ರಲ್ಲಿ ಅವರು ಮುಂದಿಟ್ಟ ವಿವರಣೆ ಇದು: ಇವು ಭಾರತದಿಂದ ಹಿಂಗಾರಿನ ಗಾಳಿ ಹಿಡಿದು ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ. ಅಲ್ಲಿ ಮಳೆಯ ಹೊಂಡಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮಕ್ಕಳು, ಮೊಮ್ಮಕ್ಕಳು ಮಳೆಯನ್ನು ಹಿಂಬಾಲಿಸಿ, ಮುಂಗಾರಿನ ಗಾಳಿಯಲ್ಲಿ ಭಾರತಕ್ಕೆ ಮರಳುತ್ತವೆ. ಒಂದು ಸುತ್ತು 14,000ದಿಂದ 18,000 ಕಿಲೋಮೀಟರ್, ಅದಕ್ಕೆ ನಾಲ್ಕು ತಲೆಮಾರು. ತೂಕ ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು.

ಇದೇ ಹೊತ್ತಿಗೆ ಇದೇ ಸಮುದ್ರವನ್ನು ದಾಟುವ ಅಮುರ್ ಫಾಲ್ಕನ್‌ಗಳು ಈ ಚಿಟ್ಟೆಗಳನ್ನು ದಾರಿಯಲ್ಲಿ ತಿನ್ನುತ್ತ ಹೋಗುತ್ತವೆ ಎಂದು ಆಂಡರ್ಸನ್ ಊಹಿಸಿದ್ದರು. ಈ ಪುಟ್ಟ ಚಾಣ ಸುಮಾರು 150 ಗ್ರಾಂ. ಚೀನಾ, ರಷ್ಯಾದ ಗಡಿಯಿಂದ ದಕ್ಷಿಣ ಆಫ್ರಿಕಕ್ಕೆ ಹೋಗಿ ಬರಲು ವರ್ಷಕ್ಕೆ 22,000 ಕಿಲೋಮೀಟರ್. ಅದರಲ್ಲಿ ಅರಬ್ಬೀ ಸಮುದ್ರದ 3,000 ಕಿಲೋಮೀಟರನ್ನು ಎಲ್ಲೂ ಇಳಿಯದೆ ಹಾರುತ್ತದೆ. ದಾರಿಯಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ತಂಗುತ್ತವೆ. 2012ರಲ್ಲಿ ಅಲ್ಲಿ ಒಂದೇ ಋತುವಿನಲ್ಲಿ ಬಲೆಗೆ ಬಿದ್ದು ಸತ್ತವುಗಳ ಅಂದಾಜು 1.2 ಲಕ್ಷದಿಂದ 1.4 ಲಕ್ಷ. ಮರುವರ್ಷ, 2013ರಲ್ಲಿ, ಊರಿನವರೇ ಮುಂದೆ ನಿಂತು ಬಲೆ ಬಿಚ್ಚಿದರು, ಆ ವರ್ಷ ಒಂದೂ ಸಾಯಲಿಲ್ಲ. ನನಗೆ ಗೊತ್ತಿರುವ ಸಂಖ್ಯೆಗಳಲ್ಲೆಲ್ಲ ಅತಿ ದೊಡ್ಡದು ಆ ಸೊನ್ನೆ.

ಹೀಗೆ ಆಕಾಶದಲ್ಲಿ ಹೋಗುವವು ಒಟ್ಟು ಎಷ್ಟು? ಅಮೆರಿಕದವರು ಮಳೆ ನೋಡುವ 143 ರಡಾರುಗಳನ್ನೇ ಇದಕ್ಕೆ ಬಳಸಿದರು, ರಾತ್ರಿ ಹಾರುವ ಹಕ್ಕಿಗಳೂ ರಡಾರಿನಲ್ಲಿ ಮೋಡದಂತೆ ಕಾಣುತ್ತವೆ. 2018ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಪ್ರತಿ ಶರತ್ಕಾಲದಲ್ಲಿ ಕೆನಡಾದ ಗಡಿ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿಗಳು ಸುಮಾರು 400 ಕೋಟಿ. ಅಮೆರಿಕದ ದಕ್ಷಿಣದ ಅಂಚು ದಾಟಿ ಹೋಗುವವು 470 ಕೋಟಿ. ವಸಂತದಲ್ಲಿ ದಕ್ಷಿಣದ ಅಂಚಿನಲ್ಲಿ ಮರಳುವವು 350 ಕೋಟಿ. ಹೋದ ನಾಲ್ಕರಲ್ಲಿ ಒಂದು ತಿರುಗಿ ಬರುವುದಿಲ್ಲ. ಉತ್ತರದ ಗಡಿಯಲ್ಲಿ ಇನ್ನೂ ಕಡಿಮೆ, 260 ಕೋಟಿ. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ನೆನಪಿಗೆ ವರ್ಷಕ್ಕೊಂದು ರಾತ್ರಿ ಆಕಾಶಕ್ಕೆ ಬಿಡುವ ದೀಪಸ್ತಂಭಗಳನ್ನು ವಿಜ್ಞಾನಿಗಳು ಏಳು ವರ್ಷ ಗಮನಿಸಿದರು. ಆ ಏಳು ರಾತ್ರಿಗಳಲ್ಲಿ ದಾರಿ ತಪ್ಪಿ ಬೆಳಕಿನ ಸುತ್ತ ಸುತ್ತಿದ ಹಕ್ಕಿಗಳು 11 ಲಕ್ಷ. ದೀಪ ಆರಿಸಿದಾಗ ಕೆಲವೇ ನಿಮಿಷಗಳಲ್ಲಿ ಚದುರಿ ತಮ್ಮ ದಾರಿ ಹಿಡಿದವು. ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ರಾತ್ರಿಯಿಡೀ ಬೆಳಗಿಸುವವರು ಅಕ್ಟೋಬರ್ ತಿಂಗಳಲ್ಲಾದರೂ ಈ ಸಂಖ್ಯೆಯನ್ನು ನೆನೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಡೀ ಭೂಮಿಯ ಹಕ್ಕಿಗಳನ್ನು 2021ರ ಒಂದು ಅಂದಾಜು 5,000 ಕೋಟಿ ಎಂದಿತು. ಅದರಲ್ಲಿ ಹೆಚ್ಚುಕಡಿಮೆಗೆ ಬಹಳ ಜಾಗವಿದೆ. ಆದರೂ ಮನುಷ್ಯರಿಗೆ ಹಂಚಿದರೆ ತಲೆಗೆ ಆರು. ಕೇಳಿದಾಗ ದೊಡ್ಡದೆನಿಸುವ ಸಂಖ್ಯೆ ಹಂಚಿದ ಮೇಲೆ ಎಷ್ಟು ಚಿಕ್ಕದು! ಒಬ್ಬೊಬ್ಬರ ಪಾಲಿಗೆ ಆರೇ ಹಕ್ಕಿ. ಆ ಆರೂ ಕಡಿಮೆಯಾಗುತ್ತಿವೆ. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ 2023ರ ವರದಿಯಲ್ಲಿ ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ ಪ್ರಭೇದಗಳು 338. ಅವುಗಳಲ್ಲಿ 204 ಇಳಿಮುಖ, 98 ಇದ್ದ ಹಾಗೇ ಇವೆ, ಹೆಚ್ಚಿದವು 36. ದೂರದಿಂದ ಬರುವ ವಲಸೆ ಹಕ್ಕಿಗಳ ಸ್ಥಿತಿ ಇನ್ನೂ ಕಳವಳದ್ದು. ಈ ವರದಿಯನ್ನು ಸಾಧ್ಯ ಮಾಡಿದ್ದು 30,000 ಹಕ್ಕಿ ವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ಬೇರೆ ಉದ್ಯೋಗದಲ್ಲಿರುವವರು, ಬೆಳಿಗ್ಗೆ ಎದ್ದು ಪಾರ್ಕಿಗೋ ಕೆರೆಗೋ ಹೋಗಿ, ಕಂಡದ್ದನ್ನು ಹೆಸರು, ಸಂಖ್ಯೆ, ದಿನಾಂಕ ಸಮೇತ ಬರೆದವರು.

ಗ್ರೀನಿಷ್ ವಾರ್ಬ್ಲರ್ ನಾಲ್ಕು ವರ್ಷ ಬದುಕಿದರೆ ಹೋಗಿಬಂದ ದಾರಿ 40,000 ಕಿಲೋಮೀಟರ್, ಭೂಮಿಯ ಸುತ್ತಳತೆಯಷ್ಟು. ವರ್ಷದ ಏಳು ತಿಂಗಳು ಅದು ನಮ್ಮ ಕಡೆಯ ಮರಗಳಲ್ಲೇ ಇರುತ್ತದೆ, ಸೈಬೀರಿಯಾದಲ್ಲಿ ಎರಡು, ಎರಡೂವರೆ ತಿಂಗಳು. ಅದನ್ನು ನೋಡಲು ಲಾಲ್‌ಬಾಗ್‌ಗೇ ಹೋಗಬೇಕೆಂದಿಲ್ಲ. ದೇವಸ್ಥಾನದ ಅರಳಿಮರ, ಶಾಲೆಯ ಅಂಗಳದ ಮಳೆಮರ, ಬಸ್‌ಸ್ಟಾಪಿನ ಹೊಂಗೆ, ಎಲ್ಲಿಯಾದರೂ ಇರಬಹುದು. ಕಣ್ಣಿಗೆ ಬೇಗ ಬೀಳುವುದಿಲ್ಲ, ಕಿವಿಗೆ ಬೀಳುತ್ತದೆ: ಎರಡೇ ಸ್ವರ, ಎರಡನೆಯದು ಮೇಲಕ್ಕೆ ಎಳೆದಂತೆ, ಚಿಸ್-ವೀ. ಸೆಪ್ಟೆಂಬರ್ ಕೊನೆಯಿಂದ ಗಮನವಿಟ್ಟು ಕೇಳಿ. ಮೊದಲು ಕೇಳಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಏಪ್ರಿಲ್ ಕೊನೆಯಲ್ಲಿ ಅದು ನಿಂತ ದಿನಾಂಕವನ್ನೂ.